ಸಂಪಾದಕರಿಗೆ ಪತ್ರ, ಲೇಖಕರ ಉತ್ತರ: ವೈದ್ಯಕೀಯ ನಿಯತಕಾಲಿಕೆಗಳ ಒಂದು ಸೇವೆಯ ವಿಮರ್ಶೆ

ಪ್ರಕಟವಾದ ಅಧ್ಯಯನದ ಬಗ್ಗೆ ಓದುಗರು ಪ್ರಶ್ನೆ ಎತ್ತಲು, ಅದಕ್ಕೆ ಸಂಶೋಧಕರು ಉತ್ತರ ಕೊಡಲು ವೈದ್ಯಕೀಯ ನಿಯತಕಾಲಿಕೆಗಳು ಪತ್ರವಿಭಾಗವೊಂದನ್ನು ನಡೆಸುತ್ತವೆ. ಚಂದಾದಾರರಿಗೆ ಸಿಗುವ ಸೇವೆಗಳಲ್ಲಿ ಇದಕ್ಕಿಂತ ಉಪಯುಕ್ತವಾದುದು ಇನ್ನೊಂದಿಲ್ಲ. ಇದರಷ್ಟು ಜಿಪುಣತನದಿಂದ ನಡೆಯುವುದೂ ಇನ್ನೊಂದಿಲ್ಲ.

ಜಿಪುಣತನ ನಿಯಮಗಳಲ್ಲೇ ಇದೆ. ದಿ ಲ್ಯಾನ್ಸೆಟ್ ತನ್ನಲ್ಲಿ ಬಂದ ಪ್ರಬಂಧದ ಕುರಿತ ಪತ್ರಕ್ಕೆ 250 ಪದಗಳ ಮಿತಿ, 2 ವಾರಗಳ ಗಡುವು ಇಟ್ಟಿದೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 175 ಪದ, 3 ವಾರ ಕೊಡುತ್ತದೆ. ಪೂರಕ ಕೋಷ್ಟಕಗಳನ್ನೆಲ್ಲ ಬಿಡಿಸಿ ನೋಡಿ, ಪ್ರಯೋಗಕ್ಕೆ ಮುನ್ನ ನೋಂದಾಯಿಸಿದ ಯೋಜನೆಯೊಂದಿಗೆ ತಾಳೆ ಹಾಕಿ, ಲೆಕ್ಕ ಎಲ್ಲಿ ತಪ್ಪಿದೆಯೆಂದು ಗುರುತಿಸುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಉತ್ತರಗಳ ಗುಣಮಟ್ಟವೂ ಸಮಾಧಾನಕರವಲ್ಲ. ಆಸಕ್ತಿ ತೋರಿದ್ದಕ್ಕೆ ಧನ್ಯವಾದ ಹೇಳಿ ಆರಂಭಿಸುವ ಲೇಖಕರು ಸುಲಭದ ಪ್ರಶ್ನೆಗೆ ವಿಸ್ತಾರವಾಗಿ ಉತ್ತರಿಸಿ, ಕಷ್ಟದ್ದನ್ನು ಸದ್ದಿಲ್ಲದೆ ದಾಟಿಬಿಡುವುದುಂಟು. ನೋಂದಣಿಯಲ್ಲಿ ಸಾವಿನ ಪ್ರಮಾಣವನ್ನು ಮುಖ್ಯ ಫಲಿತಾಂಶವೆಂದು ಹೇಳಿ, ಪ್ರಬಂಧದಲ್ಲಿ ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನು ಮುಂದಿಟ್ಟದ್ದೇಕೆ ಎಂದು ಕೇಳಿದರೆ, ಆ ದಿನಗಳೂ ರೋಗಿಗೆ ಮಹತ್ವದ್ದೇ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಕೇಳಿದ್ದಕ್ಕೆ ಉತ್ತರವೂ ಅಲ್ಲ. ಸಾಮಾನ್ಯವಾಗಿ ಕೊನೆಯ ಮಾತು ಲೇಖಕರದ್ದೇ ಆದ್ದರಿಂದ ಮರುಪ್ರಶ್ನೆಗೆ ಜಾಗವಿರುವುದಿಲ್ಲ.

ಆದರೂ ಈ ಸೇವೆಯನ್ನು ಬಿಡಲಾಗದು, ಏಕೆಂದರೆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರೂ ಇದ್ದಾರೆ. 2009ರಲ್ಲಿ ಜಪಾನಿನ ಮಕ್ಕಳ ವೈದ್ಯ ಕೇಜಿ ಹಯಾಶಿ ಅವರು ಫ್ಲೂ ಔಷಧ ಟ್ಯಾಮಿಫ್ಲೂ ಕುರಿತ ಕಾಕ್ರೇನ್ ಪರಾಮರ್ಶೆಗೆ (ಒಂದು ಚಿಕಿತ್ಸೆಯ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವರದಿಗೆ) ಒಂದು ಆಕ್ಷೇಪ ಕಳುಹಿಸಿದರು: ಔಷಧವು ತೊಡಕುಗಳನ್ನು ತಗ್ಗಿಸುತ್ತದೆಂಬ ತೀರ್ಮಾನಕ್ಕೆ ಆಧಾರವಾದ 10 ಪ್ರಯೋಗಗಳಲ್ಲಿ ನಿಯತಕಾಲಿಕೆಗಳಲ್ಲಿ ಪ್ರಕಟವಾಗಿದ್ದು 2 ಮಾತ್ರ. ಪರಾಮರ್ಶಕರು ಸಮರ್ಥನೆಗೆ ಇಳಿಯದೆ ಮೂಲ ದತ್ತಾಂಶ ಕೇಳಲು ಹೊರಟರು. ಕಂಪನಿಯಿಂದ ಪೂರ್ಣ ವರದಿಗಳು ಕೈಸೇರಲು ವರ್ಷಗಳೇ ಹಿಡಿದವು. 2014ರ ಹೊಸ ಪರಾಮರ್ಶೆಯ ಪ್ರಕಾರ ವಯಸ್ಕರಲ್ಲಿ ರೋಗಲಕ್ಷಣಗಳು 7 ದಿನದ ಬದಲು ಸುಮಾರು 6.3 ದಿನಕ್ಕೆ ತಗ್ಗುತ್ತವೆ. ಆಸ್ಪತ್ರೆ ಸೇರುವುದು ತಪ್ಪುತ್ತದೆ ಎನ್ನಲು ಆಧಾರ ಸಿಗಲಿಲ್ಲ.

ನನ್ನ ಮಟ್ಟಿಗೆ ಇನ್ನೂ ಮೇಲಿನದು ಸ್ಪೇನಿನ ಪ್ರೆಡಿಮೆಡ್ ತಂಡದ ನಡೆ. ಆಲಿವ್ ಎಣ್ಣೆ, ತರಕಾರಿ, ಬೀಜಗಳು ಹೆಚ್ಚಿರುವ ಮೆಡಿಟರೇನಿಯನ್ ಆಹಾರ ಕ್ರಮ ಹೃದ್ರೋಗವನ್ನು ತಡೆಯುತ್ತದೆಂದು 2013ರಲ್ಲಿ ಪ್ರಕಟಿಸಿದ್ದ ಈ ಪ್ರಯೋಗದಲ್ಲಿ 7447 ಮಂದಿ ಇದ್ದರು. ಅರಿವಳಿಕೆ ತಜ್ಞ ಜಾನ್ ಕಾರ್ಲೈಲ್ 2017ರಲ್ಲಿ ಸಾವಿರಾರು ಪ್ರಯೋಗಗಳ ಅಂಕಿಗಳನ್ನು ಪರೀಕ್ಷಿಸಿದಾಗ ಇದರಲ್ಲಿ ಯಾರಿಗೆ ಯಾವ ಆಹಾರವೆಂದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಮಾಡಬೇಕಿದ್ದ ಹಂಚಿಕೆಯೂ ಅನುಮಾನಕ್ಕೆ ಒಳಗಾಯಿತು. ಲೇಖಕರು ಹಳೆಯ ಕಡತಗಳನ್ನು ತೆರೆದು ನೋಡಿದಾಗ, ಒಂದೇ ಮನೆಯವರನ್ನು ಚೀಟಿ ಎತ್ತದೆ ಒಂದೇ ಗುಂಪಿಗೆ ಸೇರಿಸಿದ್ದೂ, ಒಂದು ಕೇಂದ್ರದಲ್ಲಿ ಇಡೀ ಚಿಕಿತ್ಸಾಲಯಕ್ಕೆ ಒಂದೇ ಆಹಾರ ಕೊಟ್ಟಿದ್ದೂ ಕಂಡುಬಂತು. 2018ರಲ್ಲಿ ಅವರು ಪ್ರಬಂಧವನ್ನು ಹಿಂತೆಗೆದುಕೊಂಡು, ಮರುವಿಶ್ಲೇಷಣೆಯೊಂದಿಗೆ ಪುನಃ ಪ್ರಕಟಿಸಿದರು. ಅಂಕಿಗಳು ಹೆಚ್ಚು ಬದಲಾಗದಿದ್ದರೂ ತೀರ್ಮಾನದ ಧಾಟಿಯನ್ನು ತಗ್ಗಿಸಿದ್ದು ನನಗೆ ಹಿಡಿಸಿತು.

ಬಳಸುವವರಿಗೆ ಒಂದು ಸಲಹೆ: ಪತ್ರದಲ್ಲಿ ಐದು ಆಕ್ಷೇಪ ತುರುಕಬೇಡಿ, ನುಣುಚಿಕೊಳ್ಳಲಾಗದ ಒಂದನ್ನೇ ಕೇಳಿ. ಪ್ರಕಾಶಕರು ತುರ್ತಾಗಿ ಸರಿಪಡಿಸಬೇಕಾದ ಕೊರತೆಯೂ ಒಂದಿದೆ. ಮೊದಲೇ ಇಳಿಸಿಕೊಂಡ ಪಿಡಿಎಫ್ ಪ್ರತಿಯಲ್ಲಿ ಆಮೇಲೆ ಬಂದ ಪತ್ರಗಳ ಸುಳಿವೇ ಇರುವುದಿಲ್ಲವಾದ್ದರಿಂದ, ಅದನ್ನು ಉಲ್ಲೇಖಿಸುವ ವೈದ್ಯರಿಗೆ ಅಂಥದೊಂದು ಚರ್ಚೆ ನಡೆದದ್ದೇ ತಿಳಿಯದೆ ಹೋಗಬಹುದು.