ಮೂರು ಹಂತದ ಮಾಸ್ಟ್, ಆರು ವರ್ಷದ ಬಳಕೆ: ಕುಶಾಲನಗರದ ಕಾಫಿ ಗೋಡೌನಿನಿಂದ

ನಮ್ಮ ಕಾಫಿ ಕ್ಯೂರಿಂಗ್ ಗೋಡೌನಿಗೆ ಮೂರು ಹಂತದ ಮಾಸ್ಟ್ ಇರುವ ಫೋರ್ಕ್‌ಲಿಫ್ಟ್ ಬಂದು ಆರು ವರ್ಷ ಆಯಿತು. ಎರಡೂವರೆ ಟನ್ನಿನ ಡೀಸೆಲ್ ಗಾಡಿ. ಇಂಜಿನ್ ಬಗ್ಗೆ ಹೇಳುವುದು ಏನೂ ಇಲ್ಲ, ಚೆನ್ನಾಗಿದೆ. ನಾನು ಬರೆಯಬೇಕು ಅಂದುಕೊಂಡದ್ದು ಮಾಸ್ಟ್ ಬಗ್ಗೆ, ಅಂದರೆ ಭಾರ ಹೊರುವ ಕಬ್ಬಿಣದ ಕೈಗಳು (ಫೋರ್ಕ್) ಏರಿಳಿಯುವ ಮುಂದಿನ ಕಂಬಗಳ ಬಗ್ಗೆ. ಗಾಡಿ ತೆಗೆದುಕೊಳ್ಳುವವರು ಎಷ್ಟು ಟನ್ ಅಂತ ಕೇಳುತ್ತಾರೆ, ಮಾಸ್ಟ್ ಯಾವುದು ಅಂತ ಕೇಳುವುದೇ ಇಲ್ಲ. ನಾವೂ ಮೊದಲ ಸಲ ಕೇಳಿರಲಿಲ್ಲ.

ಆಗ ಬಂದದ್ದು ಸಾಮಾನ್ಯ ಎರಡು ಹಂತದ್ದು. ಮೂರು ಮೀಟರ್ ಎತ್ತುತ್ತಿತ್ತು. ಒಂದು ದಿನ ಕಂಟೇನರ್ ತುಂಬುತ್ತಿದ್ದೆವು. ಚೀಲ ಪೇರಿಸಿದ ಹಲಗೆಯನ್ನು, ಅಂದರೆ ಪ್ಯಾಲೆಟನ್ನು, ಒಳಗೆ ಒಯ್ದು ಎತ್ತಿ ಹಿಡಿದರೆ ಹಮಾಲರಿಗೆ ಮೇಲಿನ ಸಾಲು ಜೋಡಿಸುವುದು ಸುಲಭ ಅಲ್ವಾ? ಭಾರದ ಚೀಲ, ತಲೆಮಟ್ಟಕ್ಕೆ ಎತ್ತಿ ಎತ್ತಿ ಸೊಂಟ ಬಿದ್ದುಹೋಗುತ್ತದೆ. ಫೋರ್ಕ್ ಮುಕ್ಕಾಲು ಮೀಟರ್ ಏರುವಷ್ಟರಲ್ಲಿ ಟಕ್ ಅಂತ ಸದ್ದು. ಮಾಸ್ಟಿನ ತಲೆ ಕಂಟೇನರ್ ಸೂರಿಗೆ ತಗುಲಿ ತಗಡು ಉಬ್ಬಿಬಿಟ್ಟಿತ್ತು. ರಿಪೇರಿ ದುಡ್ಡು ನಾವೇ ಕೊಟ್ಟೆವು.

ಕಾರಣ ಆಮೇಲೆ ಅರ್ಥವಾಯಿತು. ಮಾಸ್ಟ್ ಅಂದರೆ ಒಂದರೊಳಗೆ ಒಂದು ಜಾರುವ ಕಂಬದ ಜೋಡಿಗಳು. ಹೊರಗಿನ ಜೋಡಿ ಏರುವುದಿಲ್ಲ. ಸಿಲಿಂಡರ್ ಒಳಗಿನದನ್ನು ಮೇಲೆ ತಳ್ಳುತ್ತದೆ. ಚೈನಿನ ಒಂದು ತುದಿ ಏರದ ಭಾಗಕ್ಕೆ ಕಟ್ಟಿರುತ್ತದೆ, ಇನ್ನೊಂದು ತುದಿ ಒಳಗಂಬದ ತಲೆಯ ರಾಟೆ ದಾಟಿ ಬಂದು ಫೋರ್ಕ್ ಹಿಡಿದಿರುತ್ತದೆ. ಹಾಗಾಗಿ ಕಂಬ ಒಂದು ಅಡಿ ಏರಿದರೆ ಫೋರ್ಕ್ ಎರಡು ಅಡಿ ಏರುತ್ತದೆ. ನಮ್ಮದರಲ್ಲಿ ಮೊದಲ 15 ಸೆಂಟಿಮೀಟರ್ ಬಿಟ್ಟರೆ ಫೋರ್ಕ್ ಜೊತೆ ಕಂಬವೂ ಏರುತ್ತಿತ್ತು. ಮಡಚಿದ ಎತ್ತರವೇ 2.1 ಮೀಟರ್. ಕಂಟೇನರ್ ಒಳಗಿನ ಎತ್ತರ ಸುಮಾರು 2.39. ತಗುಲದೆ ಇನ್ನೇನು?

ಈಗಿನ ಮೂರು ಹಂತದ್ದು ಪೂರ್ತಿ ಫ್ರೀ ಲಿಫ್ಟ್. ನಡುವೆ ಒಂದು ಗಿಡ್ಡ ಸಿಲಿಂಡರ್ ಇದೆ. ಅದು ಮೊದಲು ಫೋರ್ಕನ್ನು ಮಾತ್ರ ಎತ್ತುತ್ತದೆ, ಕಂಬ ಅಲ್ಲಾಡುವುದಿಲ್ಲ. ಅದು ಮುಗಿದ ಮೇಲೆ ಪಕ್ಕದ ಸಿಲಿಂಡರುಗಳು ಕಂಬ ಎತ್ತುತ್ತವೆ. ಗೋಡೌನಿನಲ್ಲಿ 4.5 ಮೀಟರ್ ತನಕ ಹೋಗುತ್ತದೆ, ಮಡಚಿದರೆ ಹಳೆಯದರಷ್ಟೇ ಗಿಡ್ಡ. ಇಷ್ಟೇ ಎತ್ತರಕ್ಕೆ ಎರಡು ಹಂತದ್ದು ತಂದರೆ ಮಡಚಿದಾಗಲೂ 2.8 ಮೀಟರ್ ಹತ್ತಿರ ನಿಲ್ಲುತ್ತದೆ. ಕಂಟೇನರ್ ಬಾಗಿಲಲ್ಲೇ ಹಿಡಿಸುವುದಿಲ್ಲ. ನಾಲ್ಕು ಹಂತದ್ದೂ ಸಿಗುತ್ತದೆ. ಅದು ತುಂಬ ಎತ್ತರದ ರ‍್ಯಾಕ್ ಇರುವವರಿಗೆ, ನಮಗೆ ಬೇಡ.

ತೊಂದರೆ ಇಲ್ಲವಾ? ಇದೆ. ನಡುವಿನ ಸಿಲಿಂಡರ್ ಡ್ರೈವರ್ ಕಣ್ಣಿಗೆ ಅಡ್ಡ ಬರುತ್ತದೆ. ನಮ್ಮ ಹುಡುಗ ಪ್ರತಿ ಸಲ ಕತ್ತು ಓರೆ ಮಾಡಿ ಫೋರ್ಕ್ ತುದಿ ನೋಡುತ್ತಾನೆ. ಒಂದು ಸಿಲಿಂಡರ್ ಬಿಟ್ಟು ಇನ್ನೊಂದು ಹಿಡಿಯುವ ಜಾಗದಲ್ಲಿ ಸಣ್ಣ ಜಗ್ಗು ಇದೆ. ಹೊಸದರಲ್ಲಿ ಗೊತ್ತೇ ಆಗುತ್ತಿರಲಿಲ್ಲ. ನಾಲ್ಕನೇ ವರ್ಷ ಚೀಲ ಅಲ್ಲಾಡುವಷ್ಟು ಜಾಸ್ತಿಯಾಯಿತು. ಬಿಚ್ಚಿ ನೋಡಿದರೆ ಕಂಬ ಜಾರಿಸುವ ರೋಲರಿನ ಪಕ್ಕ ಸವೆದಿತ್ತು, ಬದಲಾಯಿಸಿದೆವು. ಪೂರ್ತಿ ಎತ್ತಿದಾಗ ಮಾಸ್ಟ್ ತೂಗಾಡುತ್ತದೆ. ಮೇಲೆ ಹೋದಷ್ಟೂ ಹೊರುವ ಭಾರ ಕಡಿಮೆ, ಗಾಡಿಯ ಫಲಕದಲ್ಲೇ ಬರೆದಿದೆ. ನಮ್ಮ ಪ್ಯಾಲೆಟ್ 50 ಕೆಜಿಯ 20 ಚೀಲ, ಒಂದು ಟನ್. ಅದಕ್ಕಿಂತ ಹೇರುವುದಿಲ್ಲ.

ಮಡಿಕೇರಿಯಷ್ಟು ಮಳೆ ಇಲ್ಲಿ ಬೀಳುವುದಿಲ್ಲ. ಆದರೂ ಜುಲೈನಲ್ಲಿ ಗಾಳಿಯೇ ಒದ್ದೆ. ಅದರ ಮೇಲೆ ಕಾಫಿ ಹೊಟ್ಟಿನ ಧೂಳು. ಎರಡೂ ಸೇರಿ ಚೈನ್ ಮೇಲೆ ಕಂದು ಹಿಟ್ಟಿನ ಹಾಗೆ ಕೂರುತ್ತದೆ. ಬಟ್ಟೆಯಿಂದ ಒರೆಸಿ ಎಣ್ಣೆ ಬಿಟ್ಟರೆ ಮಾತ್ರ ಕೊಂಡಿ ಸಲೀಸಾಗಿ ಮಡಚುತ್ತದೆ. ಶನಿವಾರ ಸಂಜೆ ಇದೇ ಕೆಲಸ. ಚೈನ್ ನೂರಕ್ಕೆ ಮೂರರಷ್ಟು ಉದ್ದವಾದರೆ ತೆಗೆದೇ ಹಾಕಬೇಕು, ಅಂದರೆ ಒಂದು ಮೀಟರಿಗೆ ಮೂರು ಸೆಂಟಿಮೀಟರ್. ಐದನೇ ವರ್ಷ ನಮ್ಮದು ಅದರ ಹತ್ತಿರ ಬಂದಿತ್ತು. ಕಾಯದೆ ಎರಡೂ ಚೈನ್ ಒಟ್ಟಿಗೆ ಬದಲಾಯಿಸಿದೆವು. ಎತ್ತಿದ ಫೋರ್ಕಿನ ಕೆಳಗೆ ಯಾರೂ ನಿಲ್ಲಬಾರದು. ಇದನ್ನು ಹಮಾಲರಿಗೆ ಪ್ರತಿ ಸೀಸನ್ನಿನ ಮೊದಲ ದಿನ ಹೇಳುತ್ತೇನೆ.

ಹಳೆಯ ಗಾಡಿ ಮಾರಿಲ್ಲ. ಅಂಗಳದಲ್ಲಿ ತೋಟದಿಂದ ಬಂದ ಲಾರಿ ಇಳಿಸುವುದಕ್ಕೆ ಅದೇ ಸರಿ. ಮೇಲೆ ಸೂರಿಲ್ಲ, ನಡುವೆ ಸಿಲಿಂಡರ್ ಇಲ್ಲ, ಮುಂದೆ ಚೆನ್ನಾಗಿ ಕಾಣುತ್ತದೆ. ಜನವರಿಯಲ್ಲಿ ರೊಬಸ್ಟಾ ಶುರುವಾದರೆ ಎರಡಕ್ಕೂ ಬಿಡುವಿರುವುದಿಲ್ಲ.