ಸ್ಲೀಪರ್ ಲಾರಿಗೆ ಎಸಿ ಇದ್ದರೆ ಸಾಕಾ? ಗುಜರಾತ್ ಲೈನಿನ ಬಿಸಿಲಲ್ಲಿ ಓಡಿಸಿದವನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಇದು ಪಿಕಪ್ಪು, ಮೈಲೇಜಿನ ವಿಮರ್ಶೆ ಅಲ್ಲ. ನನ್ನದು ಹನ್ನೆರಡು ಚಕ್ರದ ಗಾಡಿ, ಕಂಪನಿಯಿಂದಲೇ ಬಂದ ಎಸಿ ಸ್ಲೀಪರ್ ಕ್ಯಾಬಿನ್. ದಾವಣಗೆರೆ ಕಡೆಯಿಂದ ಮೆಕ್ಕೆಜೋಳವೋ ಅಡಿಕೆಯೋ ತುಂಬಿಕೊಂಡು ಗುಜರಾತಿಗೆ ಹೋಗುವುದು, ಬರುವಾಗ ಮೋರ್ಬಿಯಿಂದ ಟೈಲ್ಸ್. ಲೋಡು ಸಿಗದಿದ್ದಾಗ ನಾಗಪುರದ ಕಡೆಗೂ ತಿರುಗಿಸಿದ್ದಿದೆ. ಕೆಲವು ಬೇಸಿಗೆ ಇದರಲ್ಲೇ ಮಲಗಿ ಎದ್ದಾಗಿದೆ.

ಗಾಡಿಯ ಕಂಪನಿ ಹೆಸರು ಬರೆಯುತ್ತಿಲ್ಲ. ಬರೆದರೆ ಮಾತು ಟಾಟಾ ಮೇಲಾ, ಲೇಲ್ಯಾಂಡ್ ಮೇಲಾ, ಭಾರತ್‌ಬೆಂಜ್ ಮೇಲಾ ಅಂತ ಜಗಳಕ್ಕೆ ತಿರುಗುತ್ತದೆ. ಬಿಸಿಲಿಗೆ ಗಾಡಿ ಆರಿಸುವವರು ಗ್ರಿಲ್ ಮೇಲಿನ ಹೆಸರಿಗಿಂತ ಅದರ ಹಿಂದಿನ ಕ್ಯಾಬಿನ್ ನೋಡಬೇಕು. ಒಂದೇ ಕಂಪನಿ ಮಲಗುವ ಜಾಗ ಇಲ್ಲದ ಡೇ ಕ್ಯಾಬಿನ್ನೂ ಮಾರುತ್ತದೆ, ಹಿಂದೆ ಬರ್ತ್ ಇರುವ ಸ್ಲೀಪರೂ ಮಾರುತ್ತದೆ, ಕ್ಯಾಬಿನ್ನೇ ಇಲ್ಲದ ಬರೀ ಚಾಸಿಯೂ ಕೊಡುತ್ತದೆ.

ಷೋರೂಮಿನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ, ಎಸಿ ಹಾಕಿ, ಹಿಂದಿನ ಬರ್ತ್ ಮೇಲೆ ಕೂರಿಸುತ್ತಾರೆ. ತಣ್ಣಗೆ ಗಾಳಿ ಬರುತ್ತದೆ. ಖುಷಿಯಾಗುತ್ತದೆ, ಅಲ್ವಾ? 2025ರಿಂದ ಹೊಸ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವೂ ಆಗಿದೆ. ಒಳ್ಳೆಯದೇ ಆಯಿತು. ಆದರೆ ಆ ಎಸಿಯ ಕಂಪ್ರೆಸರ್ ತಿರುಗುವುದು ಇಂಜಿನ್ ಬೆಲ್ಟಿನಿಂದ. ಇಂಜಿನ್ ನಿಂತರೆ ಎಸಿಯೂ ನಿಂತಿತು. ಅಂದರೆ ಕೂತು ಓಡಿಸುವಾಗ ತಂಪು, ಮಲಗುವ ಹೊತ್ತಿಗೆ ಸೆಕೆ.

ಇನ್ನೊಂದು ಮಾತು. ಏಪ್ರಿಲ್, ಮೇನಲ್ಲಿ ಅನುಭವ ಇರುವ ಡ್ರೈವರ್ ಹಗಲು ಹೊತ್ತು ಲೋಡ್ ಗಾಡಿ ಓಡಿಸುವುದು ಕಮ್ಮಿ. ಕಾದ ಡಾಂಬರಿನ ಮೇಲೆ ಟೈರಿಗೆ ಕಷ್ಟ. ಖಂಬಾಟ್ಕಿ ಘಾಟಿಯಂಥ ಏರಿನಲ್ಲಿ ಇಂಜಿನ್ ಟೆಂಪರೇಚರ್ ಮುಳ್ಳೂ ಮೇಲೇರುತ್ತದೆ. ಹಾಗಾಗಿ ರಾತ್ರಿ ಓಟ, ಮಧ್ಯಾಹ್ನ ನಿದ್ದೆ. ಸ್ಲೀಪರ್ ಬೇಕಾಗುವುದೇ ಹನ್ನೆರಡರಿಂದ ನಾಲ್ಕರವರೆಗೆ, ಸೂರ್ಯ ನೆತ್ತಿ ಮೇಲಿರುವಾಗ. ಡಾಬಾದ ಮುಂದೆ ಮರದ ನೆರಳು ಬೇಗ ಬಂದವರಿಗೆ. ಮೋರ್ಬಿಯಲ್ಲಿ ಫ್ಯಾಕ್ಟರಿ ಗೇಟಿನ ಹೊರಗೆ ಲೋಡಿಂಗ್‌ಗೆ ಸರದಿ ನಿಂತರೆ ನೆರಳಿನ ಮಾತೇ ಇಲ್ಲ. ಕಿಟಕಿ ಇಳಿಸಿ ಮಲಗೋಣ ಅಂದರೆ ಮೊಬೈಲ್ ಹೋಗುತ್ತದೆ, ಇಲ್ಲಾ ಸೊಳ್ಳೆ ಬರುತ್ತದೆ.

2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ಒಳಗೆ ಅರ್ಧ ಗಂಟೆಯಾದರೂ ವಿಶ್ರಾಂತಿ ಅನ್ನುತ್ತಿತ್ತು. ವಿಶ್ರಾಂತಿ ಎಲ್ಲಿ, ಎಷ್ಟು ಡಿಗ್ರಿಯಲ್ಲಿ ಅನ್ನುವುದು ನಮ್ಮ ತಲೆನೋವು.

ಇಂಜಿನ್ ಆನ್ ಇಟ್ಟು ಮಲಗಿದರೆ? ಎಷ್ಟೋ ಜನ ಹಾಗೇ ಮಾಡುತ್ತಾರೆ. ಎಸಿ ಹಾಕಿ ಸುಮ್ನೆ ನಿಂತ ಗಾಡಿ ಗಂಟೆಗೆ ಹತ್ತಿರ ಹತ್ತಿರ ಎರಡು ಲೀಟರ್ ಕುಡಿಯುತ್ತದೆ. ಆರು ಗಂಟೆ ನಿದ್ದೆಗೆ 12 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ ಒಂದು ನಿದ್ದೆಗೆ 1,000 ರೂಪಾಯಿ ದಾಟಿತು. ಲಾಡ್ಜ್ ರೂಮೇ ಅಗ್ಗ! ಅದೂ ಅಲ್ಲದೆ ಬಿಎಸ್6, ಅಂದರೆ ಈಗಿನ ಹೊಗೆ ನಿಯಮದ ಗಾಡಿಯನ್ನು ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಟ್ಟರೆ ಸೈಲೆನ್ಸರ್ ಲೈನಿನ ಫಿಲ್ಟರಿನಲ್ಲಿ ಮಸಿ ಕಟ್ಟುತ್ತದೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಂಡು ರೀಜನರೇಷನ್, ಅಂದರೆ ಆ ಮಸಿ ಸುಟ್ಟು ಫಿಲ್ಟರ್ ಕ್ಲೀನ್ ಮಾಡುವುದನ್ನು ಕೇಳುತ್ತದೆ.

ಅದಕ್ಕೆ ನಾನು ಪಾರ್ಕಿಂಗ್ ಎಸಿ ಹಾಕಿಸಿಕೊಂಡೆ. ಕ್ಯಾಬಿನ್ ಟಾಪ್ ಮೇಲೆ ಕೂರುವ 24 ವೋಲ್ಟಿನ ಎಲೆಕ್ಟ್ರಿಕ್ ಎಸಿ, ಇಂಜಿನ್ ಆಫ್ ಆದರೂ ಓಡುತ್ತದೆ. ಇಲ್ಲಿ ಲೆಕ್ಕ ಸರಿಯಾಗಿ ಕೇಳಿಸಿಕೊಳ್ಳಿ, ಅಂಗಡಿಯವರು ಹೇಳುವುದಿಲ್ಲ. ಇಂಥ ಎಸಿ ಜೋರಾಗಿ ಓಡುವಾಗ 35 ಆಂಪಿಯರ್ ಆಸುಪಾಸು ಎಳೆಯುತ್ತದೆ. ಲಾರಿಯಲ್ಲಿರುವುದು 12 ವೋಲ್ಟಿನ ಎರಡು ಬ್ಯಾಟರಿ, 150 ಆಂಪಿಯರ್ ಅವರ್‌ನವು (ಒಂದು ಆಂಪಿಯರ್ ಎಳೆದರೆ 150 ಗಂಟೆ ಬರುವಷ್ಟು ಕರೆಂಟ್) ಅಂದುಕೊಳ್ಳಿ. ಎರಡನ್ನೂ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿರುವುದರಿಂದ ವೋಲ್ಟ್ ಡಬಲ್ ಆಗುತ್ತದೆ, ಆಂಪಿಯರ್ ಅವರ್ 150ರಲ್ಲೇ ಇರುತ್ತದೆ. ಸೆಲ್ಫ್ ಹೊಡೆಯುವ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಉಳಿದದ್ದು 75. ಅಲ್ಲಿಗೆ ಎರಡು ಗಂಟೆ ತಂಪು, ಆಮೇಲೆ ಬ್ಯಾಟರಿ ಉಳಿಸಲು ಎಸಿ ತಾನೇ ಕಟಾಫ್. ಕಟಾಫ್ ಸರಿಯಾಗಿ ಸೆಟ್ ಆಗಿಲ್ಲದಿದ್ದರೆ ಎದ್ದ ಮೇಲೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಪಕ್ಕದ ಲಾರಿಯವರನ್ನು ಬೇಡಿಕೊಳ್ಳಬೇಕು.

ಎಸಿಗೇ ಅಂತ ಬೇರೆ ಲಿಥಿಯಂ ಬ್ಯಾಟರಿ ಇಟ್ಟರೆ ಮಾತ್ರ ಈ ವ್ಯವಸ್ಥೆಗೆ ಅರ್ಥ. 24 ವೋಲ್ಟ್, 200 ಆಂಪಿಯರ್ ಅವರ್‌ನದಾದರೆ 160ರವರೆಗೆ ಧೈರ್ಯವಾಗಿ ಬಳಸಬಹುದು. ಮಟಮಟ ಮಧ್ಯಾಹ್ನ ನಾಲ್ಕೂವರೆ ಗಂಟೆ ಬರುತ್ತದೆ. ರಾತ್ರಿಯಾದರೆ ಕ್ಯಾಬಿನ್ ಒಮ್ಮೆ ತಣಿದ ಮೇಲೆ ಕಂಪ್ರೆಸರ್ ನಿಧಾನ ಆಗುವುದರಿಂದ ಬೆಳಗಿನವರೆಗೂ ಎಳೆಯುತ್ತದೆ. ಗಾಡಿ ಓಡುವಾಗ ಇಂಜಿನ್ನಿನಿಂದ ಕರೆಂಟ್ ಮಾಡುವ ಆಲ್ಟರ್ನೇಟರಿನಿಂದ ಈ ಬ್ಯಾಟರಿ ಚಾರ್ಜ್ ಆಗಲು ಮಧ್ಯೆ ಚಾರ್ಜರ್ ಬೇಕು. ನೇರ ವೈರ್ ಎಳೆದುಕೊಡುತ್ತೇನೆ ಅನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಬೇಡ ಅನ್ನಿ. ನನ್ನ ಗಾಡಿಗೆ ಫಿಟ್ ಮಾಡಿದವರು ಮೊಬೈಲ್ ಚಾರ್ಜರ್, ಫ್ಯಾನಿನ 12 ವೋಲ್ಟನ್ನು ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ ಎಳೆದಿದ್ದರು. ಆ ಬ್ಯಾಟರಿ ದಿನಾ ಇಳಿಯುತ್ತಾ, ಇನ್ನೊಂದು ಓವರ್‌ಚಾರ್ಜ್ ಆಗುತ್ತಾ, ಎರಡೂ ಅವಧಿಗೆ ಮುಂಚೆಯೇ ಹೋದವು. 24ರಿಂದ 12ಕ್ಕೆ ಇಳಿಸುವ ಸಣ್ಣ ಕನ್ವರ್ಟರ್ ಹಾಕಿದ್ದರೆ ಅಷ್ಟೇ ಸಾಕಿತ್ತು.

ಅಷ್ಟು ದುಡ್ಡಿಲ್ಲ ಅನ್ನುವವರಿಗೆ ಟಾಪ್ ಮೇಲೆ ಕೂರುವ ನೀರಿನ ಕೂಲರ್ ಇದೆ. ಕರೆಂಟ್ ತುಂಬಾ ಕಮ್ಮಿ ತಿನ್ನುತ್ತದೆ. ನಾಗಪುರ, ಕಲಬುರಗಿ, ರಾಯಚೂರಿನ ಒಣ ಬಿಸಿಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸೂರತ್ತಿನಲ್ಲೋ ಮಂಗಳೂರಿನಲ್ಲೋ ಹಾಕಿದರೆ ಮೈಯೆಲ್ಲ ಅಂಟಂಟು. ಗಾಳಿಯಲ್ಲೇ ತೇವ ಇರುವಾಗ ನೀರು ಆರುವುದು ಎಲ್ಲಿಂದ? ನಿಮ್ಮ ಲೈನ್ ಯಾವುದು ಅನ್ನುವುದರ ಮೇಲೆ ತೀರ್ಮಾನ ಮಾಡಿ.

ಈಗ ಕ್ಯಾಬಿನ್. ಬರ್ತ್ ಅಗಲ ಪರವಾಗಿಲ್ಲ, ಕಂಪನಿ ಹಾಸಿಗೆ ಮಾತ್ರ ರೆಕ್ಸಿನ್ ಹೊದಿಸಿದ ಹಲಗೆ. ಬೆವರಿಗೆ ಬೆನ್ನು ಅಂಟಿಕೊಳ್ಳುತ್ತದೆ. ಮೇಲೆ ಹತ್ತಿ ಹಾಸಿಗೆ ಹಾಕಿಕೊಂಡೆ. ಸೀಟುಗಳ ಮಧ್ಯೆ ಇಂಜಿನ್ ಮೇಲೆ ಬರುವ ಉಬ್ಬು ಇದೆಯಲ್ಲ, ಗಾಡಿ ನಿಲ್ಲಿಸಿದ ಎಷ್ಟೋ ಹೊತ್ತಿನ ಮೇಲೂ ಅದರ ಮೇಲೆ ಅಂಗೈ ಇಟ್ಟರೆ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗೆ ಇರುತ್ತದೆ. ಕೊಳ್ಳುವ ಮುಂಚೆ ಕ್ಯಾಬಿನ್ ಟಿಲ್ಟ್ ಮಾಡಿಸಿ, ಕೆಳಗಡೆ ಶಾಖ ತಡೆಯುವ ಪದರ ಎಷ್ಟು ದಪ್ಪ ಇದೆ, ಗೇರ್ ಲಿವರ್ ಸುತ್ತ ರಬ್ಬರ್ ಸರಿಯಾಗಿ ಕೂತಿದೆಯಾ ನೋಡಿ. ನಾನು ಕಂಡ ಹಾಗೆ ಸೆಕೆ ಜಾಸ್ತಿ ನುಗ್ಗುವುದು ಆ ಸಂದಿಯಿಂದ. ಬಣ್ಣ ಬಿಳಿ ತೆಗೆದುಕೊಳ್ಳಿ, ಕೆಂಪು, ನೀಲಿ ಆಸೆ ಬೇಡ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವಂತಿಲ್ಲ, 2012ರಲ್ಲೇ ಸುಪ್ರೀಂ ಕೋರ್ಟ್ ಬೇಡ ಅಂದಿದೆ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಹೊರಗಿನಿಂದ ಬೆಳ್ಳಿ ಬಣ್ಣದ ಶೀಟ್ ಕಟ್ಟಿದರೆ ಎಸಿಯ ಅರ್ಧ ಕೆಲಸ ಅದೇ ಮಾಡುತ್ತದೆ.

ಹಳೇ ಕಾಲದ ಮರದ ಕ್ಯಾಬಿನ್ನಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಚಾಸಿ ತಂದು ನಾಮಕ್ಕಲ್ ಕಡೆ ಕಟ್ಟಿಸುತ್ತಿದ್ದ ಬಾಡಿಗಳಲ್ಲಿ ಮಲಗುವ ಜಾಗ ದೊಡ್ಡದು. ಮರದ ಹಲಗೆಯ ಟಾಪು ತಗಡಿನ ಹಾಗೆ ಕಾಯುತ್ತಿರಲಿಲ್ಲ. ಇಂಜಿನ್ ಬಿಸಿ ಮಾತ್ರ ಕಾಲ ಹತ್ತಿರವೇ. ಮುಂದಿನ ಗಾಡಿಗೆ ಗುದ್ದಿದರೆ ಮರದ ಕ್ಯಾಬಿನ್ ಒಳಗಿದ್ದವರ ಗತಿ ಏನಾಗುತ್ತದೆ ಅಂತ ಹೈವೇಯಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಕಾರಣಕ್ಕೇ ನಾನು ಕಂಪನಿ ಕ್ಯಾಬಿನ್ ಕಡೆ ಬಂದದ್ದು.

ಮೇಂಟೆನೆನ್ಸ್ ವಿಷಯಕ್ಕೆ ಬಂದರೆ, ಎಸಿ ಕಂಡೆನ್ಸರಿನ ಜಾಲರಿಯಲ್ಲಿ ಧೂಳು, ಹತ್ತಿ ಎಳೆ, ಹುಳ ಎಲ್ಲ ಕೂತುಕೊಳ್ಳುತ್ತದೆ. ಬೇಸಿಗೆಯಲ್ಲಿ ವಾಟರ್ ಸರ್ವೀಸಿಗೆ ಬಿಟ್ಟಾಗೆಲ್ಲ ಅಲ್ಲಿಗೂ ಮೆಲ್ಲಗೆ ನೀರು ಹೊಡೆಸಿ. ಜೋರು ಪ್ರೆಷರ್ ಕೊಟ್ಟರೆ ರೆಕ್ಕೆ ಮಡಚಿಕೊಂಡು ಗಾಳಿಯೇ ಹೋಗುವುದಿಲ್ಲ. ಗ್ಯಾಸ್ ಕಮ್ಮಿಯಾಗಿದೆ ಅಂತ ಹೇಳಿ ತುಂಬಿಸುವ ಮೊದಲು ಇದನ್ನು ನೋಡಿ. ಹೊಗೆ ಕ್ಲೀನ್ ಮಾಡಲು ಹಾಕುವ ಯೂರಿಯಾ ನೀರಿನ ಕ್ಯಾನ್, ಅದೇ ಡಿಇಎಫ್, ಟಾಪ್ ಮೇಲೆ ಬಿಸಿಲಿಗೆ ಕಟ್ಟಬೇಡಿ. ಕಾದು ಕಾದು ಕೆಡುತ್ತದೆ. ಟೈರ್ ಗಾಳಿಯನ್ನು ಗಾಡಿ ತಣ್ಣಗಿದ್ದಾಗಲೇ ನೋಡಿ. ಓಡಿ ಬಂದ ಬಿಸಿ ಟೈರಿನಲ್ಲಿ ಪ್ರೆಷರ್ ಜಾಸ್ತಿ ಕಂಡಿತು ಅಂತ ಗಾಳಿ ಬಿಡುವ ಚಾಳಿ ಬೇಡ. ತಣಿದ ಮೇಲೆ ಗಾಳಿ ಕಮ್ಮಿಯಾಗಿ, ಮತ್ತೆ ಓಡುವಾಗ ಟೈರ್ ಇನ್ನೂ ಕಾಯುತ್ತದೆ.

ಹೊಸದಾಗಿ ಕೊಳ್ಳುವವರು ಡೆಮೊ ಗಾಡಿ ನೋಡಲು ಬೆಳಗ್ಗೆ ಹೋಗಬೇಡಿ. ಮಧ್ಯಾಹ್ನ ಒಂದು ಗಂಟೆಗೆ ಹೋಗಿ. ಒಂದು ರೌಂಡ್ ಓಡಿಸಿ ಬಂದು ಬಿಸಿಲಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಗಾಜು ಏರಿಸಿ ಬರ್ತ್ ಮೇಲೆ ಸ್ವಲ್ಪ ಹೊತ್ತು ಮಲಗಿ ನೋಡಿ. ಸೇಲ್ಸ್ ಹುಡುಗನನ್ನೂ ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳಿ. ಪಾರ್ಕಿಂಗ್ ಎಸಿ, ಬ್ಯಾಟರಿಯ ಮಾತನ್ನು ಅಲ್ಲೇ ತೆಗೆಯಿರಿ, ಗಾಡಿ ಸಾಲದಲ್ಲೇ ಸೇರಿಸಿಕೊಡುತ್ತಾರಾ ಕೇಳಿ. ಮರಳು, ಜಲ್ಲಿ ಹೊಡೆದು ರಾತ್ರಿ ಮನೆಗೆ ಬರುವವರಾದರೆ ಇದ್ಯಾವುದೂ ಬೇಡ, ಡೇ ಕ್ಯಾಬಿನ್ ಸಾಕು.