ಜರ್ಮನ್ ವ್ಯಾಕರಣದ ಅಭ್ಯಾಸ ಪುಸ್ತಕ: 14 ತಿಂಗಳು ಬಳಸಿದ ಮೇಲೆ

ಪುಸ್ತಕ ಕೈಗೆ ಬಂದು 14 ತಿಂಗಳಾಯಿತು. ಬೆನ್ನು ಬಿರಿದಿದೆ, ಡಾಟಿವ್ ಅನ್ನುವ ವಿಭಕ್ತಿಯ ಅಧ್ಯಾಯದ ನಾಲ್ಕು ಹಾಳೆ ಕಿತ್ತು ಬಂದು ಕ್ಲಿಪ್ಪಿನಲ್ಲಿ ಸಿಕ್ಕಿಸಿಟ್ಟಿದ್ದೇನೆ. ಯಾವ ಪಾಠದ ಜೊತೆ ಎಷ್ಟು ಗುದ್ದಾಡಿದ್ದೇನೆ ಅನ್ನುವುದು ಪುಟದ ಅಂಚಿನ ಕೊಳೆ ನೋಡಿದರೇ ಗೊತ್ತಾಗುತ್ತದೆ. ಕೊಂಡ ವಾರವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ಮೂರೂವರೆ.

ಪ್ರಕಾಶಕರ ಹೆಸರು ಬೇಡ. ಏ1, ಏ2 ಮಟ್ಟಕ್ಕೆ, ಅಂದರೆ ಕಲಿಕೆಯ ಮೊದಲ ಎರಡು ಹಂತಕ್ಕೆ, ನಾನು ನೋಡಿದ ಪುಸ್ತಕಗಳೆಲ್ಲ ಹೆಚ್ಚುಕಮ್ಮಿ ಇದೇ ಅಚ್ಚಿನವು. ಎಡಪುಟದಲ್ಲಿ ನಿಯಮ, ಬಲಪುಟದಲ್ಲಿ ಬಿಟ್ಟ ಸ್ಥಳ ತುಂಬಿ, ಕೊನೆಯಲ್ಲಿ ಉತ್ತರಗಳು. ವಿವರಣೆ ಇಂಗ್ಲಿಷಿನಲ್ಲಿ. ನನ್ನ ತಕರಾರು ಶುರುವಾಗುವುದು ಅಲ್ಲಿಂದಲೇ.

ಮೊದಲು ಲಿಂಗದ ಕಥೆ. ಕನ್ನಡದಲ್ಲಿ ಅರ್ಥ ಗೊತ್ತಿದ್ದರೆ ಲಿಂಗ ಗೊತ್ತು. ಅಣ್ಣ ಬಂದ, ಅಕ್ಕ ಬಂದಳು, ಬಸ್ಸು ಬಂತು, ಮುಗಿಯಿತು. ಜರ್ಮನ್‌ನಲ್ಲಿ ಪದದ ಮುಂದೆ ಬರುವ ಡೇರ್, ಡೀ, ಡಾಸ್ (ಇಂಗ್ಲಿಷಿನ ‘ದ’ ಇದ್ದಂತೆ) ಲಿಂಗ ಹೇಳುತ್ತವೆ: ಚಮಚ ಪುಲ್ಲಿಂಗ, ಡೇರ್ ಲೊಫೆಲ್. ಫೋರ್ಕ್ ಸ್ತ್ರೀಲಿಂಗ, ಡೀ ಗಾಬೆಲ್. ಚಾಕು ನಪುಂಸಕ, ಡಾಸ್ ಮೆಸರ್. ಒಂದು ತಟ್ಟೆಯ ಪಕ್ಕ ಮೂರೂ ಲಿಂಗ! ಹುಡುಗಿ ಕೂಡ ನಪುಂಸಕವೇ, ಡಾಸ್ ಮೇಡ್ಶೆನ್; ಕೊನೆಯ ‘ಶೆನ್’ ಪುಟ್ಟದ್ದು ಅನ್ನುವ ಅರ್ಥದ ಪ್ರತ್ಯಯ, ಅದು ಅಂಟಿಕೊಂಡ ಪದವೆಲ್ಲ ಡಾಸ್. ಹಾಗೆಯೇ ‘ಉಂಗ್’ ಪ್ರತ್ಯಯ ಬಂದರೆ ಡೀ: ಪತ್ರಿಕೆ ಡೀ ತ್ಸೈಟುಂಗ್, ಮನೆ ಡೀ ವೋನುಂಗ್. ಇಂಥ ಗುರುತುಗಳನ್ನು ಮೊದಲ ಪಾಠದಲ್ಲೇ ಹೇಳಬಹುದಿತ್ತು. ಈ ಪುಸ್ತಕ ಅವನ್ನು ಅನುಬಂಧದಲ್ಲಿ ಸಣ್ಣಕ್ಷರದಲ್ಲಿ ತುರುಕಿದೆ. ನನ್ನ ಕಣ್ಣಿಗೆ ಬಿದ್ದದ್ದು ಐದನೇ ತಿಂಗಳಿಗೆ. ಅಷ್ಟರೊಳಗೆ ಸುಮಾರು ಮುನ್ನೂರು ಪದ ಡೇರ್, ಡೀ, ಡಾಸ್ ಯಾವುದೂ ಇಲ್ಲದೆ ಬೋಳಾಗಿ ಬಾಯಿಪಾಠವಾಗಿದ್ದವು. ಎಲ್ಲವನ್ನೂ ಮತ್ತೆ ಕಲಿಯಬೇಕಾಯಿತು.

ವಿಭಕ್ತಿ ನಾಲ್ಕೇ ಅಂದಾಗ ಖುಷಿಯಾಯಿತು, ನಮ್ಮಲ್ಲಿ ಏಳೆಂಟು ಇದ್ದವಲ್ಲ. ಮೂರು ಲಿಂಗ ಮತ್ತು ಬಹುವಚನವನ್ನು ನಾಲ್ಕು ವಿಭಕ್ತಿಗಳ ಎದುರು ಬರೆದರೆ 16 ಮನೆಗಳ ಪಟ್ಟಿ. ಅದರಲ್ಲಿ ಓಡಾಡುವುದು ಡೇರ್, ಡೀ, ಡಾಸ್ ಮೊದಲಾದ ಆರೇ ರೂಪಗಳು. ಕಷ್ಟವೂ ಅದೇ. ‘ಡೀ ಫ್ರಾವ್’ ಅಂದರೆ ಆ ಹೆಂಗಸು. ‘ಆ ಹೆಂಗಸಿನ ಜೊತೆ’ ಅನ್ನಬೇಕಾದರೆ ‘ಮಿಟ್ ಡೇರ್ ಫ್ರಾವ್’. ಅಷ್ಟು ದಿನ ಗಂಡಸರದ್ದೆಂದು ನಂಬಿಕೊಂಡಿದ್ದ ‘ಡೇರ್’ ಇಲ್ಲಿ ಬಂದು ಕೂತಿರುತ್ತದೆ.

ಡಾಟಿವ್ ಪಾಠದಲ್ಲಿ ಇಂಗ್ಲಿಷ್ ವಿವರಣೆ ಕೈಕೊಟ್ಟಿತು. ‘ನನಗೆ ಚಳಿ’ ಅನ್ನಲು ಜರ್ಮನ್ನರು ‘ಮಿರ್ ಇಸ್ಟ್ ಕಾಲ್ಟ್’ ಅನ್ನುತ್ತಾರೆ. ಇಂಗ್ಲಿಷಿನ ದಾರಿ ಹಿಡಿದು ‘ಇಶ್ ಬಿನ್ ಕಾಲ್ಟ್’ ಅಂದರೆ ನಾನು ಭಾವನೆಯಿಲ್ಲದ ಮನುಷ್ಯ ಅಂದಂತಾಗುತ್ತದೆ. ಇದನ್ನು ವಿಚಿತ್ರ ಪ್ರಯೋಗವೆಂದು ಪುಸ್ತಕ ಅರ್ಧ ಪುಟ ವಿವರಿಸಿ, ಡಾಟಿವ್ ಬೇಡುವ ಕ್ರಿಯಾಪದಗಳ ಪಟ್ಟಿಯೊಂದನ್ನು ಉರುಹೊಡೆಯಲು ಹೇಳುತ್ತದೆ. ನಾನೂ ಮೂರು ವಾರ ಉರುಹೊಡೆದೆ! ಒಂದು ದಿನ ಸುಮ್ಮನೆ ‘ಉ, ಅನ್ನು, ಇಂದ, ಗೆ, ದೆಸೆಯಿಂದ’ ನೆನಪಾಯಿತು. ‘ಮಿರ್’ ಅಂದರೆ ನನಗೆ, ಅಷ್ಟೇ. ನನಗೆ ಹಿಡಿಸಿತು, ಅವನಿಗೆ ಸಹಾಯ ಮಾಡಿದೆ, ಅವರಿಗೆ ಧನ್ಯವಾದ ಹೇಳಿದೆ: ಪಟ್ಟಿಯ ಗೆಫಾಲನ್, ಹೆಲ್ಫನ್, ಡಾಂಕನ್ ಮೂರಕ್ಕೂ ನಾವು ಹುಟ್ಟಿದಾಗಿನಿಂದ ಚತುರ್ಥಿಯನ್ನೇ ಹಚ್ಚುತ್ತಿದ್ದೇವೆ.

ಆ ಹುಮ್ಮಸ್ಸಿನಲ್ಲೇ ಜಾರಿಬಿದ್ದೆ. ‘ಅಡುಗೆಮನೆಗೆ ಹೋಗುತ್ತೇನೆ’ ಅನ್ನುವುದಕ್ಕೆ, ‘ಗೆ’ ಇದೆಯಲ್ಲ ಎಂದು ಡಾಟಿವ್ ಹಾಕಿ ‘ಇನ್ ಡೇರ್ ಕ್ಯೂಶ’ ಎಂದು ಬರೆದೆ. ಪುಸ್ತಕದ ಕೊನೆಯಲ್ಲಿದ್ದ ಉತ್ತರ ‘ಇನ್ ಡೀ ಕ್ಯೂಶ’. ಕಾರಣ ಒಂದು ಸಾಲೂ ಇಲ್ಲ. ಹತ್ತು ವಾಕ್ಯ ಒಟ್ಟಿಗಿಟ್ಟು ನೋಡಿದಾಗ ಹೊಳೆಯಿತು: ಒಳಗೆ, ಮೇಲೆ, ಪಕ್ಕ, ನಡುವೆ ಇಂಥ ಒಂಬತ್ತು ಪದಗಳ ಜೊತೆ, ಎಲ್ಲಿಗೆ ಅಂದರೆ ಅಕುಸಾಟಿವ್, ಎಲ್ಲಿ ಅಂದರೆ ಡಾಟಿವ್. ನಮ್ಮ ‘ಗೆ’ ಇರುವ ಕಡೆ ಅವರ ದ್ವಿತೀಯಾ, ನಮ್ಮ ‘ಅಲ್ಲಿ’ ಇರುವ ಕಡೆ ಅವರ ಚತುರ್ಥಿ. ಫೋನ್ ಮಾಡುವುದರಲ್ಲೂ ಇದೇ ಏಟು. ನಾವು ಅವನಿಗೆ ಮಾಡುತ್ತೇವೆ, ಅವರು ಅವನನ್ನು ಮಾಡುತ್ತಾರೆ: ‘ಇಶ್ ರೂಫ ಈನ್ ಆನ್’. ಕೊನೆಯ ‘ಆನ್’ ಆ ಕ್ರಿಯಾಪದದ್ದೇ ತುಂಡು, ವಾಕ್ಯದ ತುದಿಗೆ ಹೋಗಿ ನಿಂತಿದೆ. ಈ ಒಡೆಯುವ ಕ್ರಿಯಾಪದಗಳ ಪಾಠ ಮಾತ್ರ ಪುಸ್ತಕದಲ್ಲಿ ಅಚ್ಚುಕಟ್ಟು. ಒಂದು ಬಾಣದ ಚಿತ್ರ, ಎಂಟು ವಾಕ್ಯ, ತಲೆಯಲ್ಲಿ ಕೂತುಬಿಟ್ಟಿತು.

ಪದಕ್ರಮಕ್ಕೆ ನಾನು ಹೆದರಿದಷ್ಟು ಪಾಡು ಪಡಲಿಲ್ಲ. ‘ವೈಲ್’ (ಯಾಕೆಂದರೆ) ಬಂದರೆ ಕ್ರಿಯಾಪದ ಕೊನೆಗೆ ಹೋಗುತ್ತದೆಂದು ಪುಸ್ತಕ ಎರಡು ಪುಟ ಸಮಾಧಾನ ಹೇಳುತ್ತದೆ; ಕ್ರಿಯಾಪದವನ್ನು ಕೊನೆಗಿಟ್ಟೇ ಮಾತು ಕಲಿತವರಿಗೆ ಆ ಸಮಾಧಾನ ಯಾಕೆ? ಮುಖ್ಯವಾಕ್ಯದಲ್ಲಿ ಅದು ಎರಡನೇ ಜಾಗ ಬಿಟ್ಟು ಕದಲದಿರುವುದೇ ನನಗೆ ತೊಡಕು. ‘ಇವತ್ತು’ ಎಂದು ಶುರುಮಾಡಿದರೆ ‘ಹೋಗುತ್ತೇನೆ’ ಮೊದಲು, ‘ನಾನು’ ಆಮೇಲೆ. ಈಗಲೂ ಮಾತಿನ ಭರದಲ್ಲಿ ತಪ್ಪುತ್ತೇನೆ.

ಭೂತಕಾಲದಲ್ಲಿ ಹೆಚ್ಚಿನ ಕ್ರಿಯಾಪದಗಳಿಗೆ ‘ಹಾಬನ್’ (ಹೊಂದಿರು) ಸಹಾಯ, ಹೋಗುವ ಬರುವ ಚಲನೆಗೆ ‘ಝೈನ್’ (ಇರು). ಕದಲದೆ ಉಳಿಯುವುದು ಅನ್ನುವ ‘ಬ್ಲೈಬನ್’ ಕೂಡ ‘ಝೈನ್’ ಗುಂಪಿನಲ್ಲೇ ಇದೆ. ನಗು ಬಂತು, ಆ ನಗುವಿನಿಂದಲೇ ಅದು ಮರೆತಿಲ್ಲ.

ತರಿಸುವವರಿಗೆ ಒಂದು ಮಾತು: ಪುಸ್ತಕದಲ್ಲೇ ಪೆನ್ನಿನಿಂದ ಬರೆಯಬೇಡಿ. ನಾನು ಮೊದಲ ಮೂರು ಪಾಠ ಹಾಗೆ ಕೆಡಿಸಿದೆ. ಈಗ ನೋಟ್‌ಬುಕ್ಕಿನಲ್ಲಿ ಇಡೀ ವಾಕ್ಯ ಬರೆದು, ಪಕ್ಕದಲ್ಲಿ ಕನ್ನಡ ವಾಕ್ಯ ಬರೆದು, ವಿಭಕ್ತಿಗೆ ಗೆರೆ ಎಳೆಯುತ್ತೇನೆ. ಮುಂದಿನ ಭಾಗ ಇನ್ನೂ ತರಿಸಿಲ್ಲ. ಗುಣವಾಚಕಗಳ ಪಾಠ ಮೂರನೇ ಸಲ ನಡೆದಿದೆ. ‘ಡೇರ್ ಗೂಟ ಮಾನ್’ (ಆ ಒಳ್ಳೆಯ ಮನುಷ್ಯ) ಇದ್ದದ್ದು ‘ಒಬ್ಬ’ ಅನ್ನುವ ‘ಐನ್’ ಬಂದ ಕೂಡಲೇ ‘ಗೂಟರ್’ ಆಗುತ್ತದೆ, ನಿನ್ನೆ 20ರಲ್ಲಿ 11 ಸರಿ.